ಸ್ಟ್ರೊಮ್ಯಾಟೊಲೈಟ್ ಅಂದರೆ ಏನು?

ಹೆಸರು ಕೇಳಿ ಹೆದರಬೇಡಿ. ಗ್ರೀಕ್‌ನಲ್ಲಿ ಸ್ಟ್ರೋಮಾ ಅಂದರೆ ಹಾಸಿಗೆ, ಲಿಥೋಸ್ ಅಂದರೆ ಕಲ್ಲು. ಜರ್ಮನಿಯ ಭೂವಿಜ್ಞಾನಿ ಅರ್ನ್ಸ್ಟ್ ಕಾಲ್ಕೋವ್ಸ್ಕಿ 1908ರಲ್ಲಿ ಇಟ್ಟ ಹೆಸರು ಇದು. ಕನ್ನಡದಲ್ಲಿ 'ಹಾಸುಗಲ್ಲು' ಅನ್ನೋಣವೆಂದರೆ, ಆ ಪದವನ್ನು ಅಂಗಳಕ್ಕೆ ಹಾಕುವ ಚಪ್ಪಡಿ ಆಗಲೇ ಹಿಡಿದುಕೊಂಡು ಕೂತಿದೆ!

ಮಳೆಗಾಲದಲ್ಲಿ ಕೆರೆ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತದೆ, ಅಲ್ವಾ? ಬಿಸಿಲಿನಿಂದ ಊಟ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳೂ ಆಳವಿಲ್ಲದ ಕಡಲಿನ ತಳದಲ್ಲಿ ಅಂಥದ್ದೇ ಲೋಳೆ ಹಾಸು ಹಾಸುತ್ತವೆ. ಆ ಅಂಟಿಗೆ ಮರಳು, ಸುಣ್ಣದ ಕಣ ಬಂದು ಮೆತ್ತಿಕೊಳ್ಳುತ್ತವೆ. ಬಿಸಿಲು ಮರೆಯಾಗುತ್ತದೆ. ಬಿಸಿಲಿಲ್ಲದೆ ಊಟವಿಲ್ಲ. ಹಾಗಾಗಿ ಅವು ಮೇಲಕ್ಕೆ ತೆವಳಿ ಮತ್ತೆ ಹಾಸುತ್ತವೆ. ಹೀಗೆ ಹಾಸಿನ ಮೇಲೆ ಹಾಸು ಸೇರಿ ಗಟ್ಟಿಯಾದ ಕಲ್ಲೇ ಸ್ಟ್ರೊಮ್ಯಾಟೊಲೈಟ್. ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆದರೆ ಅದೇ ಜಾಸ್ತಿ. ಇಂಥ ಕಲ್ಲನ್ನು ಕೊಯ್ದರೆ ಈರುಳ್ಳಿ ಹೆಚ್ಚಿದ ಹಾಗೆ ಪದರದ ಮೇಲೆ ಪದರ ಕಾಣುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕುಂಸಿ ಹತ್ತಿರವೂ ಇವೆ, 250 ಕೋಟಿ ವರ್ಷಕ್ಕಿಂತ ಹಳೆಯವು.

ಇದನ್ನು 'ಬ್ಯಾಕ್ಟೀರಿಯಾ ಪಳೆಯುಳಿಕೆ' ಅಂತ ಸುಮ್ನೆ ಕರೆದುಬಿಡುತ್ತಾರೆ. ಒಳಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಗೆದ್ದಲು ಹೋದ ಮೇಲೂ ನಿಂತಿರುವ ಹುತ್ತ ಇದು. ಆದರೆ ಕೆನಡಾದ ಗನ್‌ಫ್ಲಿಂಟ್ ಎಂಬ ಬಂಡೆಯಲ್ಲಿ ಅದೃಷ್ಟ ಬೇರೆ. ಜೀವಕೋಶ ಕೊಳೆಯುವ ಮೊದಲೇ ಸಿಲಿಕಾ (ಮರಳಿನಲ್ಲಿರುವ ಖನಿಜ) ಅದನ್ನು ಮುಚ್ಚಿಬಿಟ್ಟಿತ್ತು. 188 ಕೋಟಿ ವರ್ಷ ಹಳೆಯ ಬ್ಯಾಕ್ಟೀರಿಯಾ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಂಡವು ಎಂದು ಅಮೆರಿಕದ ವಿಜ್ಞಾನಿಗಳಾದ ಟೈಲರ್ ಮತ್ತು ಬಾರ್ಗ್‌ಹೂರ್ನ್ 1954ರಲ್ಲಿ ಬರೆದರು.

ಹುತ್ತ ಖಾಲಿ ಇದ್ದರೆ, ಕಟ್ಟಿದ್ದು ಗೆದ್ದಲೇ ಅಂತ ಹೇಳುವುದು ಹೇಗೆ? ಜಗಳವೆಲ್ಲ ಇಲ್ಲೇ. ಆಸ್ಟ್ರೇಲಿಯಾದ ಪಿಲ್‌ಬರಾದಲ್ಲಿರುವ 348 ಕೋಟಿ ವರ್ಷದ ಕಲ್ಲುಗಳು ಜೀವಿಗಳ ಕೆಲಸವೇ ಎಂದು ಹೆಚ್ಚಿನವರು ಒಪ್ಪುತ್ತಾರೆ. 2016ರಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ 370 ಕೋಟಿ ವರ್ಷದ್ದು ಸಿಕ್ಕಿತು ಎಂದು ಸುದ್ದಿಯಾಯಿತು. ಎರಡೇ ವರ್ಷಕ್ಕೆ ಇನ್ನೊಂದು ತಂಡ, ಅದು ಜೀವಿಗಳ ಕೆಲಸವಲ್ಲ, ಬಂಡೆ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡದ್ದು ಎಂದಿತು. ನನಗೆ ಈ ಎರಡನೆಯವರ ಮಾತೇ ಸರಿ ಅನಿಸುತ್ತದೆ.

ಈಗಲೂ ಬೆಳೆಯುತ್ತಿರುವುದನ್ನು ನೋಡಬೇಕೆಂದರೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬ ಕೊಲ್ಲಿಗೆ ಹೋಗಬಹುದು. ಅಲ್ಲಿನ ಹ್ಯಾಮೆಲಿನ್ ಪೂಲ್‌ನ ನೀರು ಕಡಲಿಗಿಂತ ಎರಡು ಪಟ್ಟು ಉಪ್ಪು. ಹಾಸನ್ನು ಮೇಯುವ ಬಸವನಹುಳುಗಳಿಗೆ ಅದು ಆಗಿಬರುವುದಿಲ್ಲ, ಹಾಗಾಗಿ ಹಾಸು ಉಳಿದುಕೊಂಡಿದೆ. ಹಿಂದೆ ಹಡಗಿಗೆ ಉಣ್ಣೆ ಸಾಗಿಸುತ್ತಿದ್ದ ಗಾಡಿಗಳು ಆ ಹಾಸಿನ ಮೇಲೆಯೇ ಓಡಾಡಿದ್ದವು. ಗಾಡಿಗಳು ನಿಂತು ಎಷ್ಟೋ ದಶಕ ಕಳೆದರೂ ಚಕ್ರದ ಜಾಡು ಇನ್ನೂ ತುಂಬಿಕೊಂಡಿಲ್ಲ.