ಕೂತೇ ಕಲಿಯಬೇಕು ಅಂತೇನಿಲ್ಲ

"ಐದು ನಿಮಿಷ ಒಂದು ಕಡೆ ಕೂರಲ್ಲ ಮೇಡಂ ಇವನು. ಆನ್‌ಲೈನ್ ಸ್ಕೂಲ್ ಅಂದ್ರೆ ಸ್ಕ್ರೀನ್ ಮುಂದೆ ಕೂರೋದೇ ಅಲ್ವಾ? ಇವನಿಗೆ ಹೇಗೆ ಆಗುತ್ತೆ?"

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ, ಆಟ, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ನೆರವಾಗುವ ಚಿಕಿತ್ಸಕಿ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುವ ಮಕ್ಕಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಈ ಪ್ರಶ್ನೆ ಕೇಳಿದವರಿಗೆ ನಾನು ಏಳು ವರ್ಷದ ಒಬ್ಬಳು ಹುಡುಗಿಯ ಕಥೆ ಹೇಳುತ್ತೇನೆ.

ಅವಳ ಗಣಿತದ ಆನ್‌ಲೈನ್ ಕ್ಲಾಸ್ ನಡೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಎರಡೇ ನಿಮಿಷಕ್ಕೆ ಕುರ್ಚಿ ಬಿಟ್ಟು ಮೇಜಿನ ಕೆಳಗೆ ನುಸುಳಿದಳು. ಹೊಟ್ಟೆ ಮೇಲೆ ಮಲಗಿ ಕಾಲು ಬಡಿಯತೊಡಗಿದಳು. "ಎಂಟಕ್ಕೆ ಏಳು ಸೇರಿಸಿದರೆ?" ಎಂದು ಟೀಚರ್ ಕೇಳಿದರು. "ಹದಿನೈದು" ಅಂತ ಮೇಜಿನ ಕೆಳಗಿಂದ ತಕ್ಷಣ ಉತ್ತರ ಬಂತು. ಅಷ್ಟರಲ್ಲಿ ಅಮ್ಮ ಬಂದು "ನೆಟ್ಟಗೆ ಕೂತ್ಕೋ" ಎಂದು ಗದರಿದರು. ಅವಳು ಕೂತಳು. ಬೆನ್ನು ನೆಟ್ಟಗಿತ್ತು, ಕೈ ಮಡಿಲಲ್ಲಿತ್ತು. ಮುಂದಿನ ಪ್ರಶ್ನೆ ಮಾತ್ರ ಅವಳ ಕಿವಿಗೆ ಬೀಳಲೇ ಇಲ್ಲ.

ಏನಾಯ್ತು ಇಲ್ಲಿ? ಕೆಲವು ಮಕ್ಕಳಿಗೆ ಅಲುಗಾಡದೆ ಕೂರುವುದೇ ಒಂದು ದೊಡ್ಡ ಕೆಲಸ. ಇರುವ ಗಮನವೆಲ್ಲ ಅದಕ್ಕೇ ಖರ್ಚಾಗುತ್ತದೆ. ನಮ್ಮ ಒಳಕಿವಿಯಲ್ಲಿ ಸಮತೋಲ ಮತ್ತು ಚಲನೆಯನ್ನು ಗುರುತಿಸುವ ಅಂಗವಿದೆ. ಸ್ನಾಯು, ಕೀಲುಗಳಿಂದಲೂ ಮಿದುಳಿಗೆ ಸುದ್ದಿ ಹೋಗುತ್ತಿರುತ್ತದೆ. ಎಚ್ಚರವಾಗಿರಲು ಈ ಮಕ್ಕಳಿಗೆ ಆ ಸುದ್ದಿ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ ಇರುವ ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅವರು ಜಾಸ್ತಿ ಅಲುಗಾಡಿದಾಗ ನೆನಪಿನ ಕೆಲಸಗಳನ್ನು ಹೆಚ್ಚು ಚೆನ್ನಾಗಿ ಮಾಡಿದರು. ಎಡಿಎಚ್‌ಡಿ ಇಲ್ಲದ ಮಕ್ಕಳಲ್ಲಿ ಹೀಗೆ ಕಾಣಲಿಲ್ಲ. ಅದಕ್ಕೇ ಎಲ್ಲ ಮಕ್ಕಳಿಗೂ ಒಂದೇ ಸೂತ್ರ ಅಂತ ನಾನು ಹೇಳುವುದಿಲ್ಲ.

ತರಗತಿ ತುಂಬ ಮಕ್ಕಳಿರುವಾಗ ಒಬ್ಬ ಎದ್ದು ಓಡಾಡಿದರೆ ಉಳಿದವರ ಪಾಠ ಕೆಡುತ್ತದೆ. ಕೂರಿಸದೆ ಟೀಚರ್‌ಗೆ ಬೇರೆ ದಾರಿಯಿಲ್ಲ. ಮನೆಯಲ್ಲಿ ಆ ತೊಂದರೆ ಇಲ್ಲ. ಮೈಕ್ ಆಫ್ ಆಗಿದ್ದರೆ ಮಗು ನಿಂತು ಕೇಳಬಹುದು, ಒಂಟಿಕಾಲಲ್ಲಿ ಕುಣಿಯುತ್ತ ಕೇಳಬಹುದು. ರೆಕಾರ್ಡ್ ಆದ ಪಾಠವಾದರೆ ನಿಲ್ಲಿಸಿ ಒಂದು ಸುತ್ತು ಓಡಿ ಬರಬಹುದು. ಸದಾ ಓಡಾಡುವ ಚುರುಕು ಮಕ್ಕಳಿಗೆ ಆನ್‌ಲೈನ್ ಶಾಲೆ ಹೊಂದುತ್ತದೆ ಎಂದು ನಾನು ಹೇಳುವುದು ಈ ಸ್ವಾತಂತ್ರ್ಯವನ್ನು ನೋಡಿಯೇ. ಅದನ್ನೂ ಕಿತ್ತುಕೊಂಡು "ಕ್ಯಾಮೆರಾ ಮುಂದೆ ಅಲ್ಲಾಡಬೇಡ" ಅಂದರೆ ಮಗುವಿಗೆ ಏನೂ ಉಳಿಯುವುದಿಲ್ಲ. ಟೀಚರ್ ಹತ್ತಿರ ಈ ಬಗ್ಗೆ ಮೊದಲೇ ಮಾತಾಡಿ.

ಕ್ಲಾಸ್ ಶುರುವಾಗುವ ಮೊದಲು ಹತ್ತು ನಿಮಿಷ ಮೈಗೆ ಭಾರದ ಕೆಲಸ ಕೊಡಿ. ಪುಸ್ತಕ ತುಂಬಿದ ಡಬ್ಬ ತಳ್ಳಲಿ, ಎರಡೂ ಕೈಯಿಂದ ಗೋಡೆ ಒತ್ತಲಿ, ಕಪ್ಪೆ ಥರ ಕುಪ್ಪಳಿಸಲಿ. "ಪಾಠ ಮುಗಿಸಿದರೆ ಆಟ" ಅಂತ ಆಸೆ ತೋರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಲ್ಯಾಪ್‌ಟಾಪನ್ನು ನಿಂತರೆ ಕಾಣುವ ಎತ್ತರದಲ್ಲಿಡಿ. ಮೊಬೈಲ್ ಕೈಗೆ ಕೊಡಬೇಡಿ. ಕೈಯಲ್ಲಿ ಹಿಡಿದ ತಕ್ಷಣ ಮಗು ಮುದುಡಿಕೊಂಡು ಸ್ಕ್ರೀನಿಗೆ ಅಂಟಿಕೊಳ್ಳುತ್ತದೆ. ನೋಡುವವರಿಗೆ ಅದು ಏಕಾಗ್ರತೆ ಅನ್ನಿಸಬಹುದು. ಪಾಠ ಮುಗಿದ ಮೇಲೆ ಏನು ಕೇಳಿದೆ ಅಂತ ವಿಚಾರಿಸಿ, ನಿಮಗೇ ಗೊತ್ತಾಗುತ್ತದೆ.

ಶಾಲೆ ಆರಿಸುವಾಗ ಒಂದು ಕ್ಲಾಸನ್ನು ಪೂರ್ತಿ ನೋಡಿ. "ಮನೆಯಲ್ಲಿರುವ ಮೂರು ಗುಂಡಗಿನ ವಸ್ತು ಓಡಿ ತಗೊಂಡು ಬನ್ನಿ" ಎನ್ನುವ ಟೀಚರ್ ಸಿಕ್ಕರೆ ಬಿಡಬೇಡಿ.

ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆನ್‌ಲೈನ್ ಶಾಲೆ ಬೇಡ ಅಂತಲೇ ಹೇಳುತ್ತೇನೆ. 2ರಿಂದ 4 ವರ್ಷದವರು ದಿನಕ್ಕೆ 1 ಗಂಟೆಗಿಂತ ಹೆಚ್ಚು ಸ್ಕ್ರೀನ್ ಮುಂದೆ ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. 5 ದಾಟಿದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು. ಆನ್‌ಲೈನ್ ಶಾಲೆಯಲ್ಲಿ ದಾರಿಯ ನಡಿಗೆ, ಬಿಡುವಿನ ಆಟ, ಗೆಳೆಯರ ಜೊತೆಗಿನ ಜಗ್ಗಾಟ ಎಲ್ಲ ತಪ್ಪಿಹೋಗುತ್ತದೆ. ಅಷ್ಟನ್ನೂ ನೀವೇ ತುಂಬಿಕೊಡಬೇಕು. ಮನೆಯಲ್ಲಿ ದೊಡ್ಡವರೊಬ್ಬರು ಕೈಗೆ ಸಿಗುವಂತಿರಬೇಕು. ಅದು ಆಗದ ಮನೆಗಳಿವೆ, ಅವರಿಗೆ ಈ ದಾರಿ ಬೇಡ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಚುರುಕು ಮಕ್ಕಳೆಲ್ಲರಿಗೂ ಎಡಿಎಚ್‌ಡಿ ಇರುವುದಿಲ್ಲ. ಕನಿಷ್ಠ 6 ತಿಂಗಳಿಂದ, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಲಕ್ಷಣ ಕಂಡು, ಮಗುವಿನ ದಿನಚರಿಗೇ ಅಡ್ಡಿಯಾಗುತ್ತಿದ್ದರೆ ತಜ್ಞರಿಗೆ ತೋರಿಸಿ. ಶಾಲೆ ಬದಲಿಸುವುದು ಅದಕ್ಕೆ ಚಿಕಿತ್ಸೆ ಆಗುವುದಿಲ್ಲ.

ಆ ಹುಡುಗಿಯ ಕೋಣೆಯ ನೆಲದ ಮೇಲೆ ಈಗ ಬಣ್ಣದ ಟೇಪಿನ ಎರಡು ಚೌಕಗಳಿವೆ. ಒಂದು ಉತ್ತರ ಹೇಳಿದರೆ ಒಂದು ಜಿಗಿತ, ಈ ಚೌಕದಿಂದ ಆ ಚೌಕಕ್ಕೆ. ಟೇಪ್ ಕಿತ್ತು ಬಂದಾಗಲೆಲ್ಲ ಅಮ್ಮನೇ ಮತ್ತೆ ಅಂಟಿಸುತ್ತಾರೆ.