ನೌಕಾಪಡೆಯ ರಿಯಾಕ್ಟರ್ ಬಿಟ್ಟು ವಿದ್ಯುತ್ ಸ್ಥಾವರಕ್ಕೆ: ನೇರ ದಾರಿ ಇದೆಯಾ?

ಪ್ರಶ್ನೆ: ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ನಲ್ಲಿ ರಿಯಾಕ್ಟರ್ ಆಪರೇಟರ್ ಆಗಿದ್ದೇನೆ. 6 ವರ್ಷದ ಸೇವೆ ಮುಗಿಯುತ್ತಾ ಬಂತು. ಡಿಗ್ರಿ ಇಲ್ಲ. ಇಲ್ಲಿನ ಅಣು ವಿದ್ಯುತ್ ಸ್ಥಾವರದಲ್ಲಿ ಇದೇ ಕೆಲಸಕ್ಕೆ ನೇರವಾಗಿ ಸೇರಬಹುದಾ?

ಸ್ಥಾವರಕ್ಕೆ ಸೇರಬಹುದು. ಆದರೆ ಮೊದಲ ದಿನವೇ ಕಂಟ್ರೋಲ್ ರೂಮಿನ ಆ ಕುರ್ಚಿ ಸಿಗುವುದಿಲ್ಲ. ಅಲ್ಲಿ ಕೂರಲು ಎನ್‌ಆರ್‌ಸಿ, ಅಂದರೆ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಕೊಡುವ ಲೈಸೆನ್ಸ್ ಬೇಕು. ನೌಕಾಪಡೆಯ ಅರ್ಹತೆ ಅದರ ಬದಲಿಗೆ ನಡೆಯುವುದಿಲ್ಲ. ಇದರಿಂದ ಬೇಸರ ಪಡಬೇಡಿ. ಆ ಲೈಸೆನ್ಸ್ ಒಂದು ನಿರ್ದಿಷ್ಟ ಸ್ಥಾವರಕ್ಕೆ ಮಾತ್ರ ಸಲ್ಲುತ್ತದೆ. ಇಪ್ಪತ್ತು ವರ್ಷ ಆಪರೇಟರ್ ಆಗಿದ್ದವರೂ ಬೇರೆ ಸ್ಥಾವರಕ್ಕೆ ಹೋದರೆ ಮತ್ತೆ ಲೈಸೆನ್ಸ್ ಪಡೆಯಬೇಕು.

ನಿಮ್ಮಂಥ ಬಹಳಷ್ಟು ಮಂದಿ ಶುರು ಮಾಡುವುದು ಲೈಸೆನ್ಸ್ ಬೇಡದ ಆಪರೇಟರ್ ಹುದ್ದೆಯಿಂದ. ಪಂಪು, ವಾಲ್ವು, ಬ್ರೇಕರ್, ಡೀಸೆಲ್ ಜನರೇಟರ್‌ಗಳ ನಡುವೆ ಓಡಾಡಿ ರೀಡಿಂಗ್ ತೆಗೆಯುವ, ಕಂಟ್ರೋಲ್ ರೂಮಿನವರು ಹೇಳಿದ್ದನ್ನು ಜಾಗದಲ್ಲೇ ನಿಂತು ಮಾಡುವ ಕೆಲಸ ಅದು. ಇಳಿದು ಬಂದೆ ಅಂತ ಅನ್ನಿಸಬಹುದು. ನನ್ನ ಪ್ರಕಾರ ಈ ಹಂತವನ್ನು ಅವಸರದಲ್ಲಿ ದಾಟಬಾರದು. ಮುಂದೆ ನೀವು ಸ್ವಿಚ್ ತಿರುಗಿಸಿದಾಗ ಯಾವ ಮೂಲೆಯ ಯಾವ ವಾಲ್ವು ತೆರೆಯುತ್ತದೆ ಅನ್ನುವುದು ಕಣ್ಣ ಮುಂದೆ ಬರುವುದು ಈ ಓಡಾಟದಿಂದಲೇ.

ಆಮೇಲೆ ಲೈಸೆನ್ಸ್ ತರಗತಿ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಲಿಖಿತ ಪರೀಕ್ಷೆಯಲ್ಲಿ ಶೇ 80 ಅಂಕ ಬೇಕು. ಸಿಮ್ಯುಲೇಟರ್ ಪರೀಕ್ಷೆ ಬೇರೆ ಇರುತ್ತದೆ. ಲೈಸೆನ್ಸ್ 6 ವರ್ಷ ನಡೆಯುತ್ತದೆ, ಆದರೆ ತರಬೇತಿ ಮತ್ತು ಪರೀಕ್ಷೆ ಯಾವತ್ತೂ ನಿಲ್ಲುವುದಿಲ್ಲ. ಇದು ನಿಮಗೆ ಅಭ್ಯಾಸ ಇರುವ ಬದುಕೇ, ಅಲ್ವಾ?

ಯಂತ್ರದ ಬಗ್ಗೆ ಹೇಳುವುದಾದರೆ, ಒತ್ತಡದ ನೀರಿನ ರಿಯಾಕ್ಟರ್ (ನೀರು ಕುದಿಯದಂತೆ ಒತ್ತಡದಲ್ಲಿಡುವ, ನಿಮ್ಮ ಸಬ್‌ಮರೀನ್‌ನಲ್ಲಿರುವ ಬಗೆಯದೇ) ಇರುವ ಸ್ಥಾವರ ನಿಮಗೆ ಪರಿಚಿತ ಮನೆಯಂತೆ ಕಾಣುತ್ತದೆ. ಕಾರಣವಿದೆ. 1955ರಲ್ಲಿ ಮೊದಲ ಅಣು ಸಬ್‌ಮರೀನ್ ನಾಟಿಲಸ್ ಅನ್ನು ಅಣುಶಕ್ತಿಯಿಂದ ಸಮುದ್ರದಲ್ಲಿ ಓಡಿಸಿದ ನೌಕಾಪಡೆಯ ಅಧಿಕಾರಿ ಹೈಮನ್ ರಿಕೋವರ್ ಅವರ ತಂಡವೇ 1957ರಲ್ಲಿ ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್ ಅಣು ವಿದ್ಯುತ್ ಸ್ಥಾವರದ ಹಿಂದೆಯೂ ಇತ್ತು. ಆದರೂ ಹೊಸದಾಗಿ ಕಲಿಯುವುದು ಬೇಕಾದಷ್ಟಿದೆ. ಸಬ್‌ಮರೀನ್‌ನಲ್ಲಿ ಪವರ್ ಪದೇ ಪದೇ ಏರಿಳಿಯುತ್ತದೆ. ಇಲ್ಲಿ ತಿಂಗಳುಗಟ್ಟಲೆ ಶೇ 100ರಲ್ಲೇ ಓಡುತ್ತದೆ. ನೀರಿನಲ್ಲಿ ನ್ಯೂಟ್ರಾನ್ ಹೀರುವ ಬೋರಾನ್ ಬೆರೆಸಿ ರಿಯಾಕ್ಟರ್ ಹಿಡಿತದಲ್ಲಿಡುವುದು ದಿನನಿತ್ಯದ ಕೆಲಸ. ನೌಕಾಪಡೆಯ ರಿಯಾಕ್ಟರ್ ದಶಕಗಟ್ಟಲೆ ಒಂದೇ ಇಂಧನದಲ್ಲಿ ನಡೆದರೆ, ಇಲ್ಲಿ 18 ಅಥವಾ 24 ತಿಂಗಳಿಗೊಮ್ಮೆ ನಿಲ್ಲಿಸಿ ಇಂಧನ ಬದಲಿಸುತ್ತಾರೆ. ಆ ಔಟೇಜ್ ಸಮಯದಲ್ಲಿ 12 ಗಂಟೆಯ ಪಾಳಿ ವಾರಗಟ್ಟಲೆ ನಡೆಯುತ್ತದೆ. ಕುಟುಂಬದವರಿಗೆ ಇದನ್ನು ಮೊದಲೇ ಹೇಳಿಡಿ. ಇನ್ನು ಕುದಿನೀರಿನ ರಿಯಾಕ್ಟರ್ ಆದರೆ ಹಬೆ ನೇರವಾಗಿ ಟರ್ಬೈನ್‌ಗೆ ಹೋಗುತ್ತದೆ, ಹಾಗಾಗಿ ಟರ್ಬೈನ್ ಹತ್ತಿರವೂ ವಿಕಿರಣದ ಎಚ್ಚರ ಬೇಕು.

ಡಿಗ್ರಿ? ರಿಯಾಕ್ಟರ್ ಆಪರೇಟರ್ ಆಗಲು ಕಡ್ಡಾಯವಲ್ಲ. ನೇರವಾಗಿ ಸೀನಿಯರ್ ಆಪರೇಟರ್, ಅಂದರೆ ಆಪರೇಟರ್‌ಗಳ ಮೇಲ್ವಿಚಾರಕರ ತರಗತಿಗೆ ಸೇರುವ ಆಸೆ ಇದ್ದರೆ ಡಿಗ್ರಿಗೆ ಬೆಲೆ ಜಾಸ್ತಿ. ಎಕ್ಸೆಲ್ಸಿಯರ್, ಥಾಮಸ್ ಎಡಿಸನ್ ಸ್ಟೇಟ್ ಈ ಎರಡೂ ವಿಶ್ವವಿದ್ಯಾಲಯಗಳು ನೌಕಾಪಡೆಯ ಅಣು ತರಬೇತಿಗೆ ಕ್ರೆಡಿಟ್ ಕೊಡುತ್ತವೆ. ಕೆಲಸ ಮಾಡುತ್ತಲೇ ಮುಗಿಸಬಹುದು.

ಎಡವುವುದು ಸಣ್ಣ ವಿಷಯಗಳಲ್ಲಿ. ಅರ್ಜಿ ಹಾಕಿದವರಿಗೆ ಹಲವು ಕಂಪನಿಗಳು ಪಾಸ್ (POSS) ಎಂಬ ಆಯ್ಕೆ ಪರೀಕ್ಷೆ ಇಡುತ್ತವೆ. ಲೆಕ್ಕ, ಯಂತ್ರಗಳ ತಿಳಿವಳಿಕೆ, ಚಿತ್ರ ಓದುವುದು ಇಂಥವು. ಸುಲಭ ಅಂತ ಸುಮ್ನೆ ಹೋಗಿ ಕೂರಬೇಡಿ, ವೇಗ ಬೇಕು. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಸ್ಥಾವರದ ಡ್ರಗ್ ಟೆಸ್ಟ್‌ನಲ್ಲಿ ಅದಕ್ಕೆ ಮಾಫಿ ಇಲ್ಲ. ರೆಸ್ಯೂಮೆಯಲ್ಲಿ ರಿಯಾಕ್ಟರ್‌ನ ಅಂಕಿಅಂಶ ಬರೆಯಬೇಡಿ. ಅದು ಗುಟ್ಟಿನ ಮಾಹಿತಿ. ಎಷ್ಟು ಜನರನ್ನು ನೋಡಿಕೊಂಡಿರಿ, ಯಾರಿಗೆ ತರಬೇತಿ ಕೊಟ್ಟಿರಿ ಅನ್ನುವುದು ಸಾಕು.

ಕಮಾಂಡಿಂಗ್ ಆಫೀಸರ್ ಒಪ್ಪಿದರೆ ಸ್ಕಿಲ್‌ಬ್ರಿಡ್ಜ್ ಯೋಜನೆಯಲ್ಲಿ ಸೇವೆಯ ಕೊನೆಯ 180 ದಿನಗಳೊಳಗೆ ಹೊರಗಿನ ಕಂಪನಿಯಲ್ಲಿ ತರಬೇತಿ ಪಡೆಯಬಹುದು. ಈಗಲೇ ಕೇಳಿ ನೋಡಿ. ಸಂದರ್ಶನದಲ್ಲಿ ಸಂಬಳದ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಮುಂದಿನ ಲೈಸೆನ್ಸ್ ತರಗತಿ ಯಾವಾಗ, ಅದಕ್ಕೆ ಈಗಾಗಲೇ ಎಷ್ಟು ಜನ ಕಾಯುತ್ತಿದ್ದಾರೆ?