ಗಲ್ಲಾಪೆಟ್ಟಿಗೆ ತುಂಬಿದರೂ ನಮ್ಮ ಹೀರೊಗೆ ರಾಷ್ಟ್ರಪ್ರಶಸ್ತಿ ಯಾಕಿಲ್ಲ?

ಓದುಗರ ಪ್ರಶ್ನೆ: ನಾವು ಮುಳಬಾಗಿಲಿನವರು. ನಮ್ಮ ಹೀರೊ ಇಷ್ಟು ವರ್ಷದಿಂದ ನಟಿಸ್ತಿದ್ದಾರೆ, ಒಂದಾದ ಮೇಲೊಂದು ಹಿಟ್ ಕೊಟ್ಟಿದ್ದಾರೆ. ತೆಲುಗಿನ ಅಲ್ಲು ಅರ್ಜುನ್‌ಗೆ ಬಂತು, ರಿಷಬ್ ಶೆಟ್ಟಿಗೂ ಬಂತು. ನಮ್ಮವರಿಗೆ ರಾಷ್ಟ್ರಪ್ರಶಸ್ತಿ ಯಾವಾಗ? ಅಭಿಮಾನಿಗಳು ಏನಾದರೂ ಮಾಡೋಕಾಗುತ್ತಾ?

ಉತ್ತರ: ಹೀರೊ ಹೆಸರನ್ನು ಬೇಕೆಂದೇ ಕೈಬಿಟ್ಟಿದ್ದೇವೆ. ಶಿರಾದಿಂದ ಚಿಂತಾಮಣಿವರೆಗೆ ಇದೇ ಪ್ರಶ್ನೆ ಹೆಸರು ಬದಲಿಸಿಕೊಂಡು ಓಡಾಡುತ್ತಿರುತ್ತದೆ. ಯಾರ ಹೆಸರು ಹಾಕಿದರೂ ಉತ್ತರ ಬದಲಾಗುವುದಿಲ್ಲ.

ರಾಷ್ಟ್ರಪ್ರಶಸ್ತಿಯ ತೀರ್ಪುಗಾರರ ಮುಂದೆ ನಿಮ್ಮ ಹೀರೊ ಹೋಗುವುದೇ ಇಲ್ಲ. ಹೋಗುವುದು ಒಂದು ಸಿನಿಮಾ, ಅದರಲ್ಲಿ ಅವರು ಮಾಡಿದ ಒಂದು ಪಾತ್ರ. ಇಪ್ಪತ್ತೈದು ವರ್ಷದ ಸೇವೆ, ನೂರು ದಿನದ ಓಟ, ಕಲೆಕ್ಷನ್ ಲೆಕ್ಕ, ಹುಟ್ಟುಹಬ್ಬದ ರಕ್ತದಾನ ಶಿಬಿರ, ಇದ್ಯಾವುದಕ್ಕೂ ಆ ಕಡತದಲ್ಲಿ ಜಾಗವಿಲ್ಲ. ನಂಬಿಕೆ ಬಾರದಿದ್ದರೆ ಅಣ್ಣಾವ್ರನ್ನೇ ನೋಡಿ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಡಾ. ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಬಂದದ್ದು ಗಾಯಕರಾಗಿ, 1992ರ ‘ಜೀವನ ಚೈತ್ರ’ದ ಹಾಡಿಗೆ. ಜೀವಮಾನದ ಸಾಧನೆಗೆ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು, ಆದರೆ ಅದು ಬೇರೆಯೇ ಬಾಗಿಲು. ವಿಷ್ಣುವರ್ಧನ್, ಅನಂತ್ ನಾಗ್ ಇಬ್ಬರಿಗೂ ನಟನ ವಿಭಾಗದಲ್ಲಿ ಅದು ದಕ್ಕಲಿಲ್ಲ.

ರಾಷ್ಟ್ರಪ್ರಶಸ್ತಿ ಶುರುವಾದದ್ದು 1954ರಲ್ಲಿ. ನಟ, ನಟಿಯರ ವಿಭಾಗ ಸೇರಿದ್ದು 1967ರ ಸಿನಿಮಾಗಳಿಂದ. ಅಲ್ಲಿಂದೀಚೆಗೆ ಕನ್ನಡ ಚಿತ್ರಕ್ಕಾಗಿ ಅತ್ಯುತ್ತಮ ನಟ ಎನಿಸಿಕೊಂಡವರು ನಾಲ್ವರು: ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾವ್ (1975), ‘ತಬರನ ಕಥೆ’ಗೆ ಚಾರುಹಾಸನ್ (1986), ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್ (2014), ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ (2022). ಜೀತದಾಳು ಚೋಮ, ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ತಬರ, ಹೆಣ್ಣಾಗಿ ಬದುಕಲು ಹೆಣಗುವ ವಿದ್ಯಾ. ಮೊದಲ ಮೂರು ಪಾತ್ರಗಳಿಗೆ ಎಂಟ್ರಿ ಸಾಂಗೂ ಇಲ್ಲ, ಪಂಚ್ ಡೈಲಾಗೂ ಇಲ್ಲ. ಹಾಗಂತ ಕಮರ್ಷಿಯಲ್ ಸಿನಿಮಾಗೆ ಬಾಗಿಲು ಮುಚ್ಚಿದೆ ಎಂದಲ್ಲ. ನಾಲ್ಕನೆಯದು ಥಿಯೇಟರ್ ತುಂಬಿಸಿದ ಸಿನಿಮಾ, ‘ಪುಷ್ಪ’ವೂ ಹಾಗೆಯೇ.

ಈಗ ಆ ಕಡತ ಸಾಗುವ ದಾರಿ. ಸಿನಿಮಾ ಶುರುವಾಗುವ ಮೊದಲು ಪರದೆ ಮೇಲೆ ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ಲ, ಶಿಳ್ಳೆ ಹಾಕುವ ಗಲಾಟೆಯಲ್ಲಿ ಯಾರೂ ಓದದ ಹಾಳೆ, ಅದರಲ್ಲಿ ಪ್ರಮಾಣಪತ್ರ ಕೊಟ್ಟ ದಿನಾಂಕ ಇರುತ್ತದೆ. ಎಲ್ಲವೂ ನಿಂತಿರುವುದು ಆ ದಿನಾಂಕದ ಮೇಲೆ. ಜನವರಿ 1ರಿಂದ ಡಿಸೆಂಬರ್ 31ರ ಒಳಗೆ ಸರ್ಟಿಫಿಕೇಟ್ ಪಡೆದ ಚಿತ್ರಗಳಷ್ಟೇ ಆ ಸಾಲಿನ ಸ್ಪರ್ಧೆಗೆ ಸೇರುತ್ತವೆ. ಬಿಡುಗಡೆಯ ದಿನ ಇಲ್ಲಿ ಲೆಕ್ಕಕ್ಕಿಲ್ಲ. ಡಿಸೆಂಬರ್ 27ಕ್ಕೆ ಸೆನ್ಸಾರ್ ಆಗಿ ಸಂಕ್ರಾಂತಿಗೆ ತೆರೆಕಂಡ ಸಿನಿಮಾ ಹಿಂದಿನ ವರ್ಷದ ಪಟ್ಟಿಗೆ ಹೋಗುತ್ತದೆ. ಅಭಿಮಾನಿಗಳು ಮಾತ್ರ ಮುಂದಿನ ವರ್ಷದ ಘೋಷಣೆಗೆ ಕಾದು ಕೂತಿರುತ್ತಾರೆ. ಸಿನಿಮಾ ಎಷ್ಟನೇ ಆವೃತ್ತಿಗೆ ಸೇರುತ್ತದೆ ಎಂದು ತಿಳಿಯಲು ಸುಲಭದ ಲೆಕ್ಕ ಒಂದಿದೆ: ಸರ್ಟಿಫಿಕೇಟ್ ವರ್ಷದಿಂದ 1952 ಕಳೆಯಿರಿ. 2022ರದು 70ನೇ ಆವೃತ್ತಿ, 2023ರದು 71ನೆಯದು. ಘೋಷಣೆಯಂತೂ ತಡ. 2022ರ ಚಿತ್ರಗಳ ಫಲಿತಾಂಶ ಬಂದದ್ದು 2024ರ ಆಗಸ್ಟ್ 16ರಂದು, ಪ್ರದಾನವಾದದ್ದು ಅಕ್ಟೋಬರ್ 8ರಂದು. ಆದ್ದರಿಂದ ಹೋದ ತಿಂಗಳು ಬಿಡುಗಡೆಯಾದ ಸಿನಿಮಾಗೆ ಈ ವರ್ಷವೇ ಪ್ರಶಸ್ತಿ ಬರಲಿಲ್ಲವೆಂದು ಸಿಟ್ಟಾಗುವುದು ದಂಡ.

ಸ್ಪರ್ಧೆಗೆ ಸಿನಿಮಾ ತಾನಾಗಿ ಸೇರುವುದಿಲ್ಲ. ನಿರ್ಮಾಪಕರ ಕಡೆಯಿಂದ ನಿಗದಿತ ಅವಧಿಯೊಳಗೆ ದಾಖಲೆಗಳ ಸಮೇತ ಅರ್ಜಿ ಹೋಗಬೇಕು. ಸಲ್ಲಿಸದಿದ್ದರೆ ಎಂಥ ಅಭಿನಯವಾದರೂ ತೀರ್ಪುಗಾರರ ಕಣ್ಣಿಗೇ ಬೀಳುವುದಿಲ್ಲ. 70ನೇ ಆವೃತ್ತಿಯ ವೇಳೆ ರಿಷಬ್ ಶೆಟ್ಟಿ ಅವರಿಗೆ ಮಮ್ಮುಟ್ಟಿ ಪೈಪೋಟಿ ಎಂದು ಸುದ್ದಿಯೋ ಸುದ್ದಿ. ಮಮ್ಮುಟ್ಟಿ ಚಿತ್ರಗಳು ಸ್ಪರ್ಧೆಗೆ ಬಂದೇ ಇರಲಿಲ್ಲ ಎಂದು ದಕ್ಷಿಣದ ತೀರ್ಪುಗಾರರೊಬ್ಬರು ಆಮೇಲೆ ಬಾಯಿಬಿಟ್ಟರು. ನಿಮ್ಮ ಹೀರೊ ವಿಷಯದಲ್ಲೂ ಮೊದಲು ಕೇಳಬೇಕಾದದ್ದು ಇದೇ: ಸಿನಿಮಾವನ್ನು ಕಳಿಸಿದ್ದರಾ?

ಕಳಿಸಿದ ಚಿತ್ರ ಎರಡು ಹಂತ ದಾಟಬೇಕು. 2009ರ ಚಿತ್ರಗಳಿಂದ ಈ ಎರಡು ಹಂತದ ಪದ್ಧತಿ ನಡೆಯುತ್ತಿದೆ. ಮೊದಲು ಐದು ಪ್ರಾದೇಶಿಕ ಸಮಿತಿಗಳು, ಅವುಗಳ ಶಿಫಾರಸಿನ ಮೇಲೆ ದೆಹಲಿಯ ಕೇಂದ್ರ ಸಮಿತಿ. ದಕ್ಷಿಣಕ್ಕೆ ಎರಡು ಸಮಿತಿಗಳಿವೆ. ತಮಿಳು, ಮಲಯಾಳಂ ಒಂದರಲ್ಲಿ, ಕನ್ನಡ, ತೆಲುಗು ಇನ್ನೊಂದರಲ್ಲಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿಯ ಟಾಕೀಸುಗಳಲ್ಲಿ ಯಾವ ಎರಡು ಭಾಷೆಯ ಪೋಸ್ಟರ್‌ಗಳು ಅಕ್ಕಪಕ್ಕ ಅಂಟಿರುತ್ತವೋ ಅದೇ ಎರಡು ಭಾಷೆಯ ಚಿತ್ರಗಳು ಅಲ್ಲೂ ಒಂದೇ ಸಮಿತಿಯ ಮುಂದೆ ಕೂರುತ್ತವೆ. ಪ್ರಾದೇಶಿಕ ಹಂತದಲ್ಲಿ ಕನ್ನಡ ಬಲ್ಲವರು ಸಿಗಬಹುದು, ಕೇಂದ್ರ ಸಮಿತಿಯಲ್ಲಿ ಹೆಚ್ಚಿನವರು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡೇ ನೋಡಬೇಕು. ಕೋಲಾರದ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ನಟ ಒಂದು ಮಾತನ್ನು ಎಳೆದು, ಅರ್ಧಕ್ಕೆ ನುಂಗಿ ಹೇಳಿದ್ದರೆ, ಕೆಳಗೆ ಸಪ್ಪೆ ಇಂಗ್ಲಿಷ್ ಸಾಲು ಬಂದಾಗ ಆ ನಟನೆಯ ಅರ್ಧ ಅಲ್ಲೇ ಸೋರಿಹೋಗುತ್ತದೆ. ಸಬ್‌ಟೈಟಲನ್ನು ಕೊನೇ ವಾರದ ಕೆಲಸ ಎಂದು ತಳ್ಳುವ ನಿರ್ಮಾಪಕರು ತಮ್ಮ ಹೀರೊಗೇ ಅನ್ಯಾಯ ಮಾಡುತ್ತಾರೆ. ಡಬ್ ಆದ ಆವೃತ್ತಿಗೆ ಸ್ಪರ್ಧೆಯಲ್ಲಿ ಪ್ರವೇಶವಿಲ್ಲ. ಉತ್ತರ ಭಾರತದಲ್ಲಿ ಹಿಂದಿ ಡಬ್ಬಿಂಗ್ ಎಷ್ಟು ಓಡಿತು ಎಂಬ ವಾದವೂ ಅಲ್ಲಿಗೆ ಮುಗಿಯಿತು.

ಸಿನಿಮಾಗೆ ಪ್ರಶಸ್ತಿ ಬಂದರೆ ಹೀರೊಗೂ ಬಂದಂತೆಯೇ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಕೋಲಾರದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ‘ಕೆಜಿಎಫ್ ಚಾಪ್ಟರ್ 2’ ಮತ್ತು ‘ಕಾಂತಾರ’ ಎರಡೂ 2022ರವು, ಎರಡೂ ಹೊಂಬಾಳೆ ಫಿಲ್ಮ್ಸ್ ನಿರ್ಮಾಣದವು. 70ನೇ ಆವೃತ್ತಿಯಲ್ಲಿ ‘ಕೆಜಿಎಫ್ 2’ಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಮತ್ತು ಸಾಹಸ ಸಂಯೋಜನೆಯ ಪ್ರಶಸ್ತಿಗಳು ಬಂದವು. ‘ಕಾಂತಾರ’ಕ್ಕೆ ಮನರಂಜನಾ ಜನಪ್ರಿಯ ಚಿತ್ರ ಮತ್ತು ಅತ್ಯುತ್ತಮ ನಟ. ಒಂದೇ ವರ್ಷ, ಒಂದೇ ಸಂಸ್ಥೆ, ಆದರೂ ಹಂಚಿಕೆ ಬೇರೆ. ಚಿತ್ರದ ಪ್ರಶಸ್ತಿ ನಿರ್ಮಾಪಕ, ನಿರ್ದೇಶಕರದು. ಸಾಹಸದ್ದು ಸಾಹಸ ನಿರ್ದೇಶಕರದು. ನಟನ ವಿಭಾಗದಲ್ಲಿ ಅಳೆಯುವುದು ಮುಖ, ದೇಹ, ದನಿ ಇಷ್ಟನ್ನೇ. ‘ಕಾಂತಾರ’ದಲ್ಲಿ ದೈವ ಮೈದುಂಬುವ ಅಂತಿಮ ದೃಶ್ಯದಲ್ಲಿ ಆ ಮೂರೂ ಒಟ್ಟಿಗೆ ದುಡಿದಿವೆ.

ಮುಳಬಾಗಿಲಿನ ಮಗಳು ಸೌಂದರ್ಯ ಅವರದು ಇನ್ನೂ ಗಟ್ಟಿಯಾದ ನಿದರ್ಶನ. ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ದ್ವೀಪ’ದಲ್ಲಿ ಅವರೇ ನಾಯಕಿ, ಅವರೇ ನಿರ್ಮಾಪಕಿ. 2002ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು, ನಿರ್ಮಾಪಕಿಯಾಗಿ ಸೌಂದರ್ಯ ಅದನ್ನು ಪಡೆದರು. ನಟಿಯ ರಜತಕಮಲ ಆ ವರ್ಷ ಕೊಂಕಣಾ ಸೇನ್ ಶರ್ಮಾ ಪಾಲಾಯಿತು. ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಮಾತ್ರ ಅದೇ ಪಾತ್ರಕ್ಕೆ ಸೌಂದರ್ಯ ಅವರಿಗೆ ಸಂದಿತು. ಒಂದೇ ಅಭಿನಯಕ್ಕೆ ಎರಡು ಸಮಿತಿಗಳ ತೀರ್ಪು ಎರಡು ತೆರ. ಇದರಲ್ಲಿ ಪಿತೂರಿ ಹುಡುಕುವ ಅಗತ್ಯ ಕಾಣುವುದಿಲ್ಲ.

ಹಾಗಾದರೆ ಹೀರೊಗೆ ಅವಕಾಶ ಇದೆಯೋ ಇಲ್ಲವೋ ಎಂದು ಅಂದಾಜು ಮಾಡುವುದು ಹೇಗೆ? ಸಿನಿಮಾ ಮೊಬೈಲಿನಲ್ಲೋ ಟಿವಿಯಲ್ಲೋ ಸಿಕ್ಕಮೇಲೆ ಒಂದು ಪರೀಕ್ಷೆ ಮಾಡಿ. ಎಂಟ್ರಿ, ಫೈಟು, ಹಾಡು ಬಿಟ್ಟು ಮೂರು ದೃಶ್ಯ ಆರಿಸಿಕೊಳ್ಳಿ, ತಲಾ ಮೂರು ನಾಲ್ಕು ನಿಮಿಷದವು. ಮೊದಲ ಸಲ ಸೌಂಡ್ ತೆಗೆದು ನೋಡಿ. ಹಿನ್ನೆಲೆ ಸಂಗೀತ ಹೋದಮೇಲೂ ಮುಖ ಏನಾದರೂ ಹೇಳುತ್ತಿದೆಯೇ? ಎರಡನೇ ಸಲ ಚಿತ್ರ ನೋಡದೆ ದನಿ ಮಾತ್ರ ಕೇಳಿ. ಸಿಟ್ಟು, ಅಳು, ಪ್ರೀತಿ ಮೂರಕ್ಕೂ ಒಂದೇ ಗತ್ತಿನ ಸ್ವರವಿದ್ದರೆ ಅದು ಸ್ಟಾರ್‌ಗಿರಿ, ಪಾತ್ರ ಅಲ್ಲ. ಮೂರನೇ ಸಲ, ಎದುರಿನವರು ಮಾತಾಡುವಾಗ ನಿಮ್ಮ ಹೀರೊ ಏನು ಮಾಡುತ್ತಾರೆ ನೋಡಿ. ಕೇಳಿಸಿಕೊಳ್ಳುವುದರಲ್ಲೇ ಒಳ್ಳೆಯ ನಟ ಸಿಕ್ಕಿಬೀಳುವುದು. ಸ್ಲೋ ಮೋಷನ್ ನಡಿಗೆಯಲ್ಲಿ ಕ್ಯಾಮೆರಾಮನ್, ಎಡಿಟರ್, ಸಂಗೀತ ನಿರ್ದೇಶಕರ ಪಾಲೇ ಹೆಚ್ಚು. ಅವರಿಗೆಲ್ಲ ಬೇರೆ ಬೇರೆ ವಿಭಾಗಗಳಿವೆ.

ಈ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಪಾಸಾಗುವ ಪಾತ್ರವೊಂದು ತುಮಕೂರು ಜಿಲ್ಲೆಯ ಮಗಳದು. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ 2007ರ ಸಾಲಿನ ಅತ್ಯುತ್ತಮ ನಟಿ, ಚಿತ್ರ ‘ಗುಲಾಬಿ ಟಾಕೀಸ್’. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ ಪರದೆ ಮುಂದೆ ಕೂತು ನೋಡುವ ದೃಶ್ಯಗಳಲ್ಲಿ ಮಾತೇ ಇಲ್ಲದೆ ಮುಖದಲ್ಲಿ ಏನೆಲ್ಲ ಹಾದುಹೋಗುತ್ತದೆ! ವರ್ಷಾನುಗಟ್ಟಲೆ ಹಾಸ್ಯ ಪಾತ್ರಗಳಿಗೇ ಹೆಸರಾಗಿದ್ದವರು ಅವರು. ಇಮೇಜ್ ಅಡ್ಡಬರುತ್ತದೆ ಎನ್ನುವವರು ಇದನ್ನೊಮ್ಮೆ ನೋಡಲಿ. ಅಡ್ಡಬರುವುದು ಇಮೇಜ್ ಅಲ್ಲ, ಅದನ್ನು ಬಿಟ್ಟು ಪಾತ್ರ ಒಪ್ಪಿಕೊಳ್ಳದ ಹಟ. ಆ ಹಟದಲ್ಲಿ ಅಭಿಮಾನಿಗಳ ಪಾಲೂ ಇದೆ. ಹೀರೊ ಏಟು ತಿಂದರೆ, ಸೋತರೆ, ಕೊನೆಗೆ ಸತ್ತರೆ ಪರದೆ ಹರಿಯುತ್ತೇವೆ ಎನ್ನುವ ಕಡೆ ನಿರ್ಮಾಪಕ ತಬರನಂಥ ಪಾತ್ರ ಬರೆಸುವುದಾದರೂ ಹೇಗೆ?

ವಾಟ್ಸಾಪಿನಲ್ಲಿ ಬರುವ ‘ಫೈನಲ್ ಲಿಸ್ಟ್‌ನಲ್ಲಿ ಬಾಸ್’ ಸಂದೇಶಗಳನ್ನು ಮುಂದಕ್ಕೆ ಕಳಿಸಬೇಡಿ. ರಾಷ್ಟ್ರಪ್ರಶಸ್ತಿಗೆ ಆಸ್ಕರ್‌ನಂತೆ ಮೊದಲೇ ನಾಮನಿರ್ದೇಶಿತರ ಪಟ್ಟಿ ಪ್ರಕಟಿಸುವ ಪದ್ಧತಿ ಇಲ್ಲ. ಘೋಷಣೆಯ ದಿನ ವಿಜೇತರ ಹೆಸರಷ್ಟೇ ಹೊರಬರುತ್ತದೆ. ಹ್ಯಾಶ್‌ಟ್ಯಾಗು, ಸಹಿ ಸಂಗ್ರಹ ಎರಡಕ್ಕೂ ಅಲ್ಲಿ ಕಿಮ್ಮತ್ತಿಲ್ಲ. ಜನರ ಆನ್‌ಲೈನ್ ಮತ ನಡೆಯುವುದು ಸೈಮಾದಂಥ ಖಾಸಗಿ ಪ್ರಶಸ್ತಿಗಳಲ್ಲಿ, ನಿಮ್ಮ ಹುರುಪನ್ನು ಅಲ್ಲಿ ಖರ್ಚು ಮಾಡಿ. 2023ರ ಸಾಲಿನಲ್ಲಿ ‘ಜವಾನ್’ಗಾಗಿ ಶಾರುಖ್ ಖಾನ್, ‘12ತ್ ಫೇಲ್’ಗಾಗಿ ವಿಕ್ರಾಂತ್ ಮ್ಯಾಸ್ಸಿ ಪ್ರಶಸ್ತಿ ಹಂಚಿಕೊಂಡಾಗ, ಶಾರುಖ್‌ಗೆ ಕೊಟ್ಟದ್ದು ವೃತ್ತಿಜೀವನಕ್ಕೆ ಎಂದು ಆಡಿಕೊಂಡವರು ಬಹಳ. ಇರಬಹುದು, ತೀರ್ಪುಗಾರರೂ ಮನುಷ್ಯರೇ. ಆದರೂ ದಾಖಲೆಯಲ್ಲಿ ಒಂದು ಸಿನಿಮಾದ ಹೆಸರೇ ಇರಬೇಕು.

ರಾಜ್ಯ ಪ್ರಶಸ್ತಿಯದು ಬೇರೆ ಗೋಳು. ಅತ್ಯುತ್ತಮ ನಟನಿಗೆ ಕೊಡುವ ಸುಬ್ಬಯ್ಯ ನಾಯ್ಡು ಪ್ರಶಸ್ತಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ನಾಯಕನ ಹೆಸರಿನದು. ಗೌರವದಲ್ಲಿ ಕಡಿಮೆಯಿಲ್ಲ, ಸಮಯಪಾಲನೆಯಲ್ಲಿ ಇದೆ. 2019ರ ಚಿತ್ರಗಳ ಪಟ್ಟಿ ಹೊರಬಿದ್ದದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ಗೆ ಬಂದ ಆ ಪ್ರಶಸ್ತಿಯನ್ನು ಸುದೀಪ್ ಬೇಡವೆಂದರು.

ಇನ್ನು, ‘ಅಭಿಮಾನಿಗಳು ಏನು ಮಾಡಬಹುದು’ ಎಂಬ ಮಾತು. ಒಟ್ಟು ವೃತ್ತಿಜೀವನಕ್ಕೆ ಮನ್ನಣೆ ಬೇಕಾದರೆ ತಟ್ಟಬೇಕಾದದ್ದು ಪದ್ಮ ಪ್ರಶಸ್ತಿಯ ಬಾಗಿಲನ್ನು. ಇಲ್ಲಿ ಯಾವ ನಾಗರಿಕರಾದರೂ ಹೆಸರು ಸೂಚಿಸಬಹುದು, ಮುಳಬಾಗಿಲಿನ ಅಭಿಮಾನಿಯೂ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಂಡು ಆನ್‌ಲೈನ್‌ನಲ್ಲೇ ಸಲ್ಲಿಸಬೇಕು, ಅಂಚೆಯಲ್ಲಿ ಕಳಿಸುವಂತಿಲ್ಲ. 2026ರ ಪದ್ಮಕ್ಕೆ 2025ರ ಮಾರ್ಚ್ 15ರಿಂದ ಜುಲೈ 31ರವರೆಗೆ ಅವಕಾಶವಿತ್ತು. ಅದಕ್ಕೂ ಮುಂಚಿನ ಕೆಲವು ವರ್ಷ ಸೆಪ್ಟೆಂಬರ್ 15 ಕೊನೇ ದಿನವಾಗಿತ್ತು. ಹಳೇ ದಿನಾಂಕ ನಂಬಿ ಕೂತರೆ ಆ ವರ್ಷ ಕೈತಪ್ಪುತ್ತದೆ.

ಅರ್ಜಿಯ ಜೀವಾಳ ಸಾಧನೆಯ ವಿವರಣೆ, ಗರಿಷ್ಠ 800 ಪದ. ಹೆಚ್ಚಿನವರು ಎಡವುವುದು ಇಲ್ಲಿ. ‘ಕೋಟ್ಯಂತರ ಅಭಿಮಾನಿಗಳ ಆರಾಧ್ಯ ದೈವ’ ಎಂದು ಶುರುಮಾಡಿ ಮುನ್ನೂರು ಪದ ಹೊಗಳಿಕೆಗೇ ಸುರಿಯುತ್ತಾರೆ. ಅದರ ಬದಲು ಮೊದಲ ನೂರು ಪದದಲ್ಲಿ ಯಾವಾಗಿನಿಂದ, ಎಷ್ಟು ಚಿತ್ರ, ಯಾವ ಭಾಷೆ ಎಂಬುದನ್ನು ಮುಗಿಸಿ. ಮುಂದಿನ ನಾನೂರರಲ್ಲಿ ಐದಾರು ಪಾತ್ರಗಳನ್ನು ಮಾತ್ರ ಎತ್ತಿಕೊಂಡು, ಪ್ರತಿಯೊಂದೂ ಅದುವರೆಗೆ ಕನ್ನಡದಲ್ಲಿ ಇಲ್ಲದ ಏನನ್ನು ತಂದಿತು ಎಂದು ಬರೆಯಿರಿ. ಬಂದ ಪ್ರಶಸ್ತಿಗಳನ್ನು ವರ್ಷದ ಸಮೇತ ಹಾಕಿ. ರಂಗಭೂಮಿ, ಶಾಲೆ, ಆಸ್ಪತ್ರೆ ಎಂದು ಸಮಾಜದ ಕೆಲಸವಿದ್ದರೆ ಊರು, ಇಸವಿ ಸಹಿತ ಉಳಿದ ಜಾಗದಲ್ಲಿ ಸೇರಿಸಿ. ಒಂದೇ ಬರಹವನ್ನು ಸಂಘದ ಐನೂರು ಜನ ಕಾಪಿ ಮಾಡಿ ಹಾಕುವುದಕ್ಕಿಂತ ಚೆನ್ನಾಗಿ ಬರೆದ ಒಂದು ಅರ್ಜಿ ಮೇಲು.

2021ರಲ್ಲಿ ಅನಂತ್ ನಾಗ್ ಅವರಿಗೆ ಪದ್ಮ ಕೊಡಿ ಎಂದು ಕನ್ನಡಿಗರು ಸಾಮಾಜಿಕ ಜಾಲತಾಣದಲ್ಲಿ ಅಭಿಯಾನ ನಡೆಸಿದರು, ರಕ್ಷಿತ್ ಶೆಟ್ಟಿ ಅಂಥವರೂ ದನಿಗೂಡಿಸಿದರು. ಪದ್ಮಭೂಷಣ ಬಂದದ್ದು 2025ರಲ್ಲಿ. ಅಭಿಯಾನದಿಂದಲೇ ಬಂತು ಎನ್ನಲಾಗದು, ಆದರೆ ನಾಲ್ಕು ವರ್ಷದ ತಾಳ್ಮೆಗೆ ತಯಾರಿರಬೇಕು ಎಂಬುದಂತೂ ಸ್ಪಷ್ಟ. ಹೆಸರುಗಳು ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾಗುತ್ತವೆ. ಅಂದು ನಿಮ್ಮ ಹೀರೊ ಹೆಸರು ಬಂದರೆ ಕಟೌಟ್ ಬರೆಸುವ ಮುನ್ನ ಒಂದು ನಿಯಮ ಗಮನಿಸಿ: ಪದ್ಮ ಪ್ರಶಸ್ತಿ ಬಿರುದಲ್ಲ. ಪೋಸ್ಟರ್, ಆಹ್ವಾನ ಪತ್ರಿಕೆ, ಲೆಟರ್‌ಹೆಡ್‌ಗಳಲ್ಲಿ ಅದನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಹಾಕುವಂತಿಲ್ಲ.